ಕಸದ ಮೂಲೆಗೆ ನಾವೇ ತಂದ ದೇವರು

ನಿವೃತ್ತಿಯಾದ ಮೇಲೆ ಮನುಷ್ಯರಿಗೆ ಎರಡು ಚಟ ಅಂಟಿಕೊಳ್ಳುತ್ತವೆ. ಒಂದು ಬೆಳಗಿನ ವಾಕಿಂಗು, ಇನ್ನೊಂದು ಊರು ತಿದ್ದುವುದು. ನನಗೆ ಎರಡೂ ಅಂಟಿದವು. ಎರಡನ್ನೂ ಅಂಟಿಸಿದವಳು ಒಬ್ಬಳೇ, ನನ್ನ ಗೆಳತಿ. ಈಗ ಅವಳನ್ನು ಗೆಳತಿ ಎಂದು ಕರೆಯಲು ನಾಲಿಗೆ ಏಳುವುದಿಲ್ಲ. ಆದರೆ ಈ ಕತೆ ನಡೆಯುವಷ್ಟೂ ಕಾಲ ಅವಳು ನನ್ನ ಗೆಳತಿಯೇ ಆಗಿದ್ದಳು, ಆದ್ದರಿಂದ ಹಾಗೆಯೇ ಬರೆಯುತ್ತೇನೆ.

ನಮ್ಮ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಓಣಿಯ ಒಳತುದಿಯಲ್ಲಿದೆ. ಅವಳೂ ಅವಳ ಮಗಳೂ ಇರುವ ಮನೆ ಅದೇ ಓಣಿಯ ಬಾಯಲ್ಲಿ, ಕಾಯಿಪಲ್ಲೆ ಮಾರುವವರು ಸಾಲಾಗಿ ಕೂರುವ ರಸ್ತೆಗೆ ಮುಖ ಮಾಡಿ ನಿಂತಿದೆ. ಅವಳ ಬಾಗಿಲಿಗೆ ಸರಿಯಾಗಿ ಎದುರು, ರಸ್ತೆಯ ಆಚೆ, ಪಾಲಿಕೆಗೆ ಸೇರಿದ ಒಂದು ತುಂಡು ಖಾಲಿ ಜಾಗ. ಖಾಲಿ ಎಂದು ಕಾಗದದಲ್ಲಿ. ನಿಜದಲ್ಲಿ ಅದು ಇಡೀ ಪೇಟೆಯ ಕಸದ ಮೂಲೆ. ಅದರ ಹಿಂದಿನ ಗೋಡೆ ಗಂಡಸರ ಪಾಲಿಗೆ ಬೇರೆಯೇ ಒಂದು ಅನುಕೂಲ.

ನಾನು ಸಿರುಗುಪ್ಪದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ನೌಕರಿ ಇರುವ ತನಕ ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆ ಶಾಲೆಯಲ್ಲಿ ಶೌಚಾಲಯವೇನೋ ಇತ್ತು, ಅದಕ್ಕೆ ಬೀಗವೂ ಇತ್ತು, ನೀರು ಮಾತ್ರ ಇರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ ಚಹಾ ಕುಡಿದರೆ ಮುಗಿಯಿತು, ಸಂಜೆ ಮನೆ ಮುಟ್ಟುವ ತನಕ ಹನಿ ನೀರು ಕುಡಿಯುತ್ತಿರಲಿಲ್ಲ. ಬಳ್ಳಾರಿ ಜಿಲ್ಲೆಯ ಬಿಸಿಲಿನಲ್ಲಿ ಹೀಗೆ ವರ್ಷಗಟ್ಟಲೆ ಬದುಕಿದರೆ ಏನಾಗಬೇಕೋ ಅದೇ ಆಯಿತು, ಕಿಡ್ನಿಯಲ್ಲಿ ಕಲ್ಲು. ಡಾಕ್ಟರು ನನ್ನ ಸ್ಕ್ಯಾನಿಂಗ್ ನೋಡಿ, ಟೀಚರಾಗಿ ಇಷ್ಟೂ ತಿಳಿಯಲ್ಲವೇನಮ್ಮ ಎಂದು ಬೈದರು. ಅವರ ಆಸ್ಪತ್ರೆಯಲ್ಲಿ ಪ್ರತಿ ಮಹಡಿಗೂ ಶೌಚಾಲಯವಿತ್ತು, ಬೈಯುವುದು ಸುಲಭ.

ಆದ್ದರಿಂದ ಒಂದು ದಿನ ಸೊಪ್ಪು ಮಾರುವ ಪುಂಡಿಪಲ್ಲೆಯವಳು ಮಾಡಿದ್ದನ್ನು ಕಂಡಾಗ ನನಗೆ ಅರ್ಥ ಹೇಳಿಕೊಡಬೇಕಾಗಲಿಲ್ಲ. ಅವಳು ಕುರುಗೋಡಿನಿಂದ ಮೊದಲ ಬಸ್ಸಿಗೆ ಬಂದು, ಪುಂಡಿಪಲ್ಲೆ, ಮೆಂತ್ಯ, ರಾಜಗಿರಿಯ ಬುಟ್ಟಿ ಇಟ್ಟುಕೊಂಡು ಆ ರಸ್ತೆಯಲ್ಲಿ ಕೂರುತ್ತಿದ್ದಳು. ನಡುಬೇಸಿಗೆ, ಮಧ್ಯಾಹ್ನದ ಹೊತ್ತು. ನನ್ನ ಚೀಲದಲ್ಲಿದ್ದ ನೀರಿನ ಬಾಟಲಿ ಕೊಟ್ಟೆ. ಬಾಯಿ ತುಂಬಾ ನೀರು ತುಂಬಿಕೊಂಡಳು, ಮುಕ್ಕಳಿಸಿದಳು, ಪಕ್ಕಕ್ಕೆ ಉಗುಳಿ ಬಾಟಲಿ ವಾಪಸು ಕೊಟ್ಟಳು.

"ಯಾಕವ್ವ, ನುಂಗಲೇ ಇಲ್ಲ?" ಎಂದೆ.

"ನುಂಗಿದ್ರ ಆಮ್ಯಾಲೆ ಎಲ್ಲಿಗೆ ಹೋಗ್ಲಿರಿ ಟೀಚರಮ್ಮ?" ಎಂದು ನಕ್ಕಳು.

ಅಲ್ಲಿ ಕೂರುವ ಹೆಂಗಸರೆಲ್ಲರ ಪಾಡೂ ಅದೇ. ಮನೆಗೆ ಬಂದವಳಿಗೆ ಆ ಸಂಜೆ ಸಿಟ್ಟು ಇಳಿಯಲಿಲ್ಲ. ಆ ಕಸದ ಮೂಲೆಯಲ್ಲಿ ಹೆಂಗಸರಿಗೊಂದು ಶೌಚಾಲಯ ಕಟ್ಟಿಸಿಯೇ ಬಿಡುವುದೆಂದು ನಿರ್ಧರಿಸಿದೆ. ಮರುದಿನ ಕಂಟೋನ್ಮೆಂಟಿನ ಮರಗಳ ಕೆಳಗೆ ನಡೆಯುತ್ತ ಗೆಳತಿಗೆ ಹೇಳಿದಾಗ ಅವಳು ನಡುರಸ್ತೆಯಲ್ಲೇ ನಿಂತುಬಿಟ್ಟಳು.

"ಮಾಡೇ ಬಿಡೋಣಲೇ! ನಾ ಅದೀನಿ ನಿನ್ನ ಜೋಡಿ. ಮೊದ್ಲು ಆ ಕಸ ತೆಗಿಸೋಣ, ಆಮ್ಯಾಲೆ ಉಳಿದದ್ದು," ಎಂದಳು.

ನನಗೆ ಕಣ್ಣು ತುಂಬಿ ಬಂದಿತ್ತು. ಗಂಡ ತೀರಿಕೊಂಡ ಮೇಲೆ ಯಾರೂ ನನಗೆ ಅಷ್ಟು ಗಟ್ಟಿಯಾಗಿ 'ನಾ ಅದೀನಿ' ಎಂದಿರಲಿಲ್ಲ.

ಭಾನುವಾರ ಬೆಳಿಗ್ಗೆಗಳು ಕಸಕ್ಕೆ ಮೀಸಲಾದವು. ಓಣಿಯ ಐದಾರು ಹೆಂಗಸರು, ಇಬ್ಬರು ಮೂವರು ಗಂಡಸರು ಬಂದರು. ಗಂಡಸರು ಸಲಿಕೆ ಹಿಡಿದು ಫೋಟೋ ತೆಗೆಸಿಕೊಂಡು ಟಿಫಿನ್ ಹೊತ್ತಿಗೆ ಹೋಗುತ್ತಿದ್ದರು. ಆ ಗುಡ್ಡೆಯಲ್ಲಿ ಇರದ ವಸ್ತುವೇ ಇರಲಿಲ್ಲ. ಬಿರಿಯಾನಿ ಡಬ್ಬಿ, ಮಕ್ಕಳ ಡೈಪರು, ಒಡೆದ ಕಮೋಡು, ಸತ್ತ ಹೆಗ್ಗಣ, ಒಬ್ಬರ ಮದುವೆಯ ಇಡೀ ಆಲ್ಬಮ್. ಗೆಳತಿ ಮೂಗಿಗೆ ಸೆರಗು ಸುತ್ತಿಕೊಂಡು ಎಲ್ಲರಿಗಿಂತ ಹೆಚ್ಚು ದುಡಿದಳು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪಾಲಿಕೆಯ ಗಾಡಿ ಬಂದು ಎಲ್ಲ ಹೊತ್ತೊಯ್ಯಿತು. ಸೋಮವಾರ ನೋಡಿದರೆ ಮತ್ತೆ ಅಷ್ಟೇ ಗುಡ್ಡೆ.

ರಂಗೋಲಿ ಹಾಕಿದೆವು, ರಂಗೋಲಿಯ ಮೇಲೇ ಕಸ ಹಾಕಿದರು. ಬೋರ್ಡು ನೆಟ್ಟೆವು, ಬೋರ್ಡಿಗೆ ಆನಿಸಿ ಚೀಲ ಇಟ್ಟು ಹೋದರು, ಬೀಳಬಾರದೆಂಬ ಕಾಳಜಿ ನೋಡಿ! ಸ್ಕೂಟರು ನಿಲ್ಲಿಸದೆಯೇ ಗುರಿಯಿಟ್ಟು ಎಸೆಯುವುದರಲ್ಲಿ ನಮ್ಮ ಜನರಿಗೆ ಸಾಟಿಯಿಲ್ಲ. ಅವರಲ್ಲಿ ಒಬ್ಬನನ್ನು ಹಿಡಿದು ಕೇಳಿದರೆ, "ಎಲ್ಲಾರೂ ಹಾಕ್ತಾರ, ನನ್ನೊಬ್ಬನ್ನ ಹಿಡೀತೀರಲ್ರಿ?" ಎಂದು ನನ್ನ ಮೇಲೇ ರೇಗಿದ.

ಆಗ ಗೆಳತಿಯೇ ಆ ಉಪಾಯ ಹೇಳಿದ್ದು. "ಬೋರ್ಡಿಗೆ ಹೆದರದ ಮಂದಿ ದೇವ್ರಿಗೆ ಹೆದರ್ತಾರ. ಅಲ್ಲೊಂದು ದೇವ್ರು ಇಡೋಣ."

ಇದೇನು ಹೊಸ ವಿದ್ಯೆಯಲ್ಲ. ಕಚೇರಿಗಳ ಮೆಟ್ಟಿಲ ಮೂಲೆಗಳಲ್ಲಿ, ಸಿನಿಮಾ ಮಂದಿರಗಳ ಹಿಂಗೋಡೆಗಳಲ್ಲಿ ಎಲ್ಲ ಧರ್ಮದ ದೇವರ ಟೈಲ್ಸುಗಳನ್ನು ಉಗುಳುವವರ ಎದುರು ಕಾವಲಿಗೆ ನಿಲ್ಲಿಸಿದ್ದನ್ನು ಯಾರು ನೋಡಿಲ್ಲ? ಆದರೂ ನಾನು ಕೇಳಿದೆ, "ಇಟ್ಟ ದೇವ್ರನ್ನ ಆಮ್ಯಾಲೆ ಏನು ಮಾಡೋದು?"

"ಸಂಡಾಸ ಮಂಜೂರಾದ ದಿನ ಎತ್ತಿಕೊಂಡು ಮನಿಗೆ ಒಯ್ದರಾತು. ನಮ್ಮವ್ವನ ಕಲ್ಲು, ಯಾರು ಕೇಳ್ತಾರ?" ಎಂದಳು.

ಗೆಳತಿಯ ತವರೂ ಕುರುಗೋಡೇ. ಅಲ್ಲಿ ಹಿತ್ತಲಲ್ಲಿ ಒಂದು ಹಳೆಯ ಒರಳಿತ್ತು. ಮಿಕ್ಸಿ ಬಂದ ಮೇಲೆ ಅದರ ಗುಂಡುಕಲ್ಲು ಕೋಳಿ ಬುಟ್ಟಿಯ ಮೇಲೆ ಭಾರಕ್ಕೆ ಕೂತಿತ್ತು. ಆ ಕಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿ, ಗೋಣಿಚೀಲಕ್ಕೆ ಹಾಕಿ, ಇಬ್ಬರೂ ಏದುಸಿರು ಬಿಡುತ್ತ ಬಸ್ ಹತ್ತಿದೆವು. ಕಂಡಕ್ಟರು ಚೀಲವನ್ನು ಕಾಲಲ್ಲಿ ಸರಿಸಲು ಹೋಗಿ, "ಏನೈತ್ರಿ ಇದರಾಗ, ಇಷ್ಟು ವಜ್ಜಿ?" ಎಂದ.

"ದೇವ್ರು," ಎಂದಳು ಗೆಳತಿ, ಮುಖ ಒಂದಿಷ್ಟೂ ಸಡಿಲಿಸದೆ.

ಕಂಡಕ್ಟರು ಕಾಲು ಹಿಂದಕ್ಕೆಳೆದುಕೊಂಡು ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಹಿಂದಿನ ಸೀಟಿನವರೂ ಕೈ ಚಾಚಿ ಮುಟ್ಟಿದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಕಾಲ, ನಮಗೂ ದುಡ್ಡಿಲ್ಲ, ದೇವರಿಗೂ ದುಡ್ಡಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ನಾವಿಬ್ಬರೂ ನಕ್ಕ ನಗುವಿಗೆ ನನ್ನ ಪಕ್ಕೆ ನೋವು ಬಂದಿತ್ತು. ಆ ದಿನ ನೆನೆದರೆ ಈಗಲೂ ಮೊದಲು ನಗುವೇ ಬರುತ್ತದೆ, ಸಿಟ್ಟು ಆಮೇಲೆ.

ನಾಲ್ಕು ಇಟ್ಟಿಗೆ ಜೋಡಿಸಿ, ಕಲ್ಲಿಗೆ ಅರಿಸಿನ ಬಳಿದು, ಕುಂಕುಮ ಇಟ್ಟು, ಬೇವಿನ ಎಲೆ ಸಿಕ್ಕಿಸಿ ಇಟ್ಟೆವು. ಅಷ್ಟೇ. ಕಸ ನಿಂತುಹೋಯಿತು. ಗೋಡೆಯ ಕಡೆ ಅವಸರದಲ್ಲಿ ಬರುತ್ತಿದ್ದ ಗಂಡಸರು ಕಲ್ಲು ಕಂಡು ಕೈಮುಗಿದು, ಹಾಗೇ ಮುಂದಕ್ಕೆ ನಡೆದರು. ಇಷ್ಟು ದಿನ ನಾವು ಬಾಯಿ ಹರಿಯುವ ಹಾಗೆ ಕೂಗಿದ್ದನ್ನು ಆ ಕಲ್ಲು ಬಾಯಿಯೇ ಇಲ್ಲದೆ ಸಾಧಿಸಿತ್ತು.

ಇತ್ತ ನಾನು ಪಾಲಿಕೆಯ ಮೆಟ್ಟಿಲು ಸವೆಸಿದೆ. ಅರ್ಜಿ ಕೊಟ್ಟೆ, ನೆನಪಿಸಿದೆ, ಮತ್ತೆ ನೆನಪಿಸಿದೆ, ಎಂಜಿನಿಯರರ ಕುರ್ಚಿಯೆದುರು ಕೂತು ಹಳೆಯ ಮೇಷ್ಟರಿಕೆಯ ದನಿಯಲ್ಲಿ ಮಾತಾಡಿದೆ. ಪ್ರತಿ ಸಲವೂ ಗೆಳತಿ ಜೊತೆಗೆ ಬಂದಳು. ನನ್ನ ನೀರಿನ ಬಾಟಲಿ ಅವಳ ಕೈಯಲ್ಲೇ ಇರುತ್ತಿತ್ತು. ಕಡೆಗೆ ಎಂಜಿನಿಯರರು ಬಂದು ಟೇಪು ಹಿಡಿದು ಜಾಗ ಅಳೆದರು. ಹೆಂಗಸರಿಗೆಂದೇ ಶೌಚಾಲಯ, ನಲ್ಲಿ ನೀರು, ನೋಡಿಕೊಳ್ಳಲು ಒಬ್ಬ ಹೆಂಗಸು. ವಾರ್ಡ್ ಸಭೆಯಲ್ಲಿ ಒಂದು ಮಾತು ಹೇಳಿ ಕೆಲಸ ಶುರು ಮಾಡುತ್ತೇವೆ ಎಂದರು. ನಾನು ನೇರ ಪುಂಡಿಪಲ್ಲೆಯವಳ ಹತ್ತಿರ ಹೋಗಿ ಹೇಳಿದೆ. ಅವಳು ಪಕ್ಕದವಳಿಗೆ, ಪಕ್ಕದವಳು ರಾರಾವಿ ಕಡೆಯಿಂದ ಮೆಣಸಿನಕಾಯಿ ತರುವವರಿಗೆ ಹೇಳಿ, ಸಾಲಿಗೆ ಸಾಲೇ ನನ್ನ ಕಡೆ ತಿರುಗಿ ನಕ್ಕಿತು. ಆ ದಿನ ಅವರು ಯಾರೂ ನನ್ನಿಂದ ಸೊಪ್ಪಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಈ ನಡುವೆ ಕಲ್ಲು ಬೆಳೆಯುತ್ತಿತ್ತು. ಒಂದು ಶುಕ್ರವಾರ ಅದಕ್ಕೆ ಬೆಳ್ಳಿಯ ಕಣ್ಣು ಬಂದವು. ಇನ್ನೊಂದು ಶುಕ್ರವಾರ ಹಸಿರು ಸೀರೆ. ಸಂಜೆ ದೀಪ ಹಚ್ಚುತ್ತಿದ್ದವಳು ಗೆಳತಿ. ಕಾವಲಿನವನಿಗೆ ಊಟ ಹಾಕಿದ ಹಾಗೆ ಎಂದುಕೊಂಡು ನಾನು ಸುಮ್ಮನಿದ್ದೆ. ಜನ ಅದನ್ನು ಮೂಲೆಯಮ್ಮ ಎಂದು ಕರೆಯತೊಡಗಿದರು. ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಯಾರೋ ನನಗೇ ಕತೆ ಹೇಳಿದರು. ಕಸ ತೆಗೆಯುವಾಗ ಸಲಿಕೆಗೆ ಠಣ್ ಎಂದು ತಾಗಿ ಅಮ್ಮ ತಾನಾಗಿ ಮೇಲೆ ಬಂದಳಂತೆ. ನಾನು ಹಿಟ್ಟಿನ ಡಬ್ಬಿ ಹಿಡಿದುಕೊಂಡೇ ಗೆಳತಿಯ ಮನೆಗೆ ಓಡಿ, ನಗುತ್ತ ಹೇಳಿದೆ. ಅವಳು ನಗಲಿಲ್ಲ.

"ಮಂದಿ ನಂಬ್ಯಾರ, ನಂಬ್ಲಿ ಬಿಡು. ನಿನ್ನ ಗಂಟೇನು ಹೋಗತೈತಿ?" ಎಂದಳು.

ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಜೀವಮಾನವಿಡೀ ಮಕ್ಕಳ ಉತ್ತರಪತ್ರಿಕೆಯಲ್ಲಿ ಕಾಪಿ ಹಿಡಿದವಳಿಗೆ ಪಕ್ಕದಲ್ಲೇ ನಡೆಯುವವಳ ಮನಸ್ಸು ಓದಲಾಗಲಿಲ್ಲ.

ವಾರ್ಡ್ ಸಭೆ ಸಮುದಾಯ ಭವನದಲ್ಲಿತ್ತು. ನಾನು ಒಳಗೆ ಹೋದಾಗ ಕಂಡ ನೋಟಕ್ಕೆ ಎದೆ ಉಬ್ಬಿತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರು ಕೂತಿದ್ದರು! ಅಂಥ ಸಭೆಗೆ ಅವರನ್ನು ಯಾರೂ ಕರೆದವರಿಲ್ಲ, ಬಂದರೂ ನೆಲಕ್ಕೆ ಕೂರುವವರು. ಕೈಯಲ್ಲಿ ಚಹಾದ ಕಪ್ಪು, ತಲೆಯ ಮೇಲೆ ಸೆರಗು. ಗೆಳತಿಯೇ ಕರೆತಂದಿದ್ದಳು. ನನಗೆ ಹೊಳೆಯದ್ದು ಇವಳಿಗೆ ಹೊಳೆಯಿತಲ್ಲ, ಯಾರಿಗೆ ಬೇಕೋ ಅವರೇ ಬಂದು ಕೇಳಿದರೆ ಇಲ್ಲವೆನ್ನುವವರು ಯಾರು ಎಂದು ಅವಳ ಕೈ ಹಿಡಿದು ಒತ್ತಿದೆ. ಅವಳೂ ಒತ್ತಿದಳು.

ವಾರ್ಡಿನ ಸದಸ್ಯರು ಎದ್ದು, ಶೌಚಾಲಯ ಮಂಜೂರಾಗಿದೆ, ಆದರೆ ಅಮ್ಮ ಇರುವ ಜಾಗದಲ್ಲಿ ಅದನ್ನು ಕಟ್ಟುವುದು ಸರಿಯಲ್ಲವೆಂದು ಓಣಿಯ ಜನ ಹೇಳುತ್ತಿದ್ದಾರೆ ಎಂದರು. ನಂತರ, "ಅಲ್ಲಿ ಅಮ್ಮಗ ಗುಡಿ ಆಗಬೇಕು ಅನ್ನೋರು ಕೈ ಎತ್ರಿ," ಎಂದರು.

ಮುಂದಿನ ಸಾಲಿನ ಕೈಗಳು ಎಲ್ಲಕ್ಕಿಂತ ಮೊದಲು ಎದ್ದವು. ಕುರುಗೋಡಿನ ಪುಂಡಿಪಲ್ಲೆಯವಳು ಚಹಾದ ಕಪ್ಪನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಎಷ್ಟು ಚಾಚಲು ಸಾಧ್ಯವೋ ಅಷ್ಟು ಮೇಲೆ ಚಾಚಿ, ತಿರುಗಿ ನನ್ನನ್ನು ನೋಡಿ ನಕ್ಕಳು. ಉತ್ತರ ಗೊತ್ತಿರುವ ಹುಡುಗಿ ಟೀಚರಿಗೆ ಕಾಣಲೆಂದು ಕೈ ಎತ್ತುತ್ತಾಳಲ್ಲ, ಹಾಗೆ.

ನಾನು ಎದ್ದು ಕೂಗಿದೆ. ಅದು ದೇವರಲ್ಲ, ರುಬ್ಬುವ ಗುಂಡು. ಕುರುಗೋಡಿನಿಂದ ಬಸ್ಸಿನಲ್ಲಿ ತಂದದ್ದು, ತಂದವರು ನಾವಿಬ್ಬರೇ. ಸಭೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಹಿಂದಿನಿಂದ ಯಾರೋ, "ಟೀಚರಮ್ಮ, ದೇವ್ರ ಮಾತು, ಬಾಯಿ ಜ್ವಾಕಿ," ಎಂದರು. ನಾನು ಗೆಳತಿಯ ಕಡೆ ತಿರುಗಿದೆ. "ನೀನು ಹೇಳು," ಎಂದೆ. "ನಿಮ್ಮವ್ವನ ಕಲ್ಲು ಅಂತ ಹೇಳು."

ಅವಳು ನಿಧಾನವಾಗಿ ಎದ್ದಳು. ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ನೋಡದೆ ಸಭೆಯ ಕಡೆ ನೋಡಿ ಹೇಳಿದಳು. "ಆಕಿ ಬಾಳ ಓಡ್ಯಾಡ್ಯಾಳ್ರಿ ಬಿಸಿಲಾಗ. ಬಿ.ಪಿ. ಐತಿ ಆಕಿಗಿ. ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ."

ಎಲ್ಲರೂ ತಲೆಯಾಡಿಸಿದರು. ಬೈದಿದ್ದರೆ ತಡೆಯುತ್ತಿದ್ದೆ, ಅವರು ಮರುಗಿದರು. ಯಾರೋ ನನಗೆ ನೀರು ತಂದುಕೊಟ್ಟರು. ಆ ಗಳಿಗೆಯಲ್ಲಿ ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತ್ತು, ಬಾರಿಸದೆ ಬಂದದ್ದಕ್ಕೆ ಇವತ್ತಿಗೂ ಸ್ವಲ್ಪ ವಿಷಾದವಿದೆ.

ಹೊರಗೆ ಪುಂಡಿಪಲ್ಲೆಯವಳು ಖುಷಿಯಲ್ಲಿ ಕಾಯುತ್ತಿದ್ದಳು. "ಎಲ್ಲಾರೂ ಎತ್ತಿದ್ವಿ ನೋಡ್ರಿ ಟೀಚರಮ್ಮ, ಒಬ್ಬಾಕಿನೂ ಬಿಟ್ಟಿಲ್ಲ," ಎಂದಳು.

"ಯಾಕವ್ವ ಎತ್ತಿದ್ರಿ?"

"ನೀವ ಹೇಳಿ ಕಳಿಸೀರಿ ಅಂದ್ರಲ್ರಿ ಆ ಅಕ್ಕ! ಅಮ್ಮನ ಮಾತು ಬಂದಾಗ ಕೈ ಎತ್ರಿ, ಟೀಚರಮ್ಮನ ಕೆಲಸ ಆಗತೈತಿ ಅಂದ್ರು. ನಿಮ್ಮ ಹೆಸರು ಹೇಳಿದ ಮ್ಯಾಲ ಮತ್ತೇನು ಕೇಳೋದ್ರಿ?"

ನಾನು ನಿಜ ಹೇಳಿದೆ. ಅವಳ ಮುಖದ ನಗು ಒಮ್ಮೆಲೇ ಹೋಗಲಿಲ್ಲ, ಅರ್ಥವಾಗಲು ಹೊತ್ತು ಹಿಡಿಯಿತು. "ಹಂಗಾರ ಸಂಡಾಸ?" ಎಂದಳು. ಆಗುವುದಿಲ್ಲ ಎಂದೆ. ನನ್ನ ಮುಖ ಹೇಗಿತ್ತೋ ಏನೋ, ಸಮಾಧಾನ ಮಾಡುವ ಪಾಳಿ ಅವಳದಾಯಿತು. "ಹೋಗ್ಲಿ ಬಿಡ್ರಿ, ಅಳಬ್ಯಾಡ್ರಿ. ನಮಗ ರೂಢಿ ಆಗೇತಿ," ಎಂದಳು.

ಅಲ್ಲಿಂದ ನಾನು ಗೆಳತಿಯ ಬಾಗಿಲಿಗೆ ಹೋದೆ. ಅವಳು ಒಳಗೆ ಕರೆಯಲಿಲ್ಲ, ನಾನೂ ಹೋಗುವ ಸ್ಥಿತಿಯಲ್ಲಿರಲಿಲ್ಲ. ಹೊಸ್ತಿಲಲ್ಲೇ ನಿಂತು, "ಯಾವಾಗಿಂದ?" ಎಂದು ಕೇಳಿದೆ.

"ಮೊದಲಿಂದ," ಎಂದಳು, ಸುಳ್ಳು ಹೇಳದೆ. "ಎದ್ದು ಬಾಗಿಲ ತೆಗೆದ್ರ ಕಸ ಕಾಣತಿತ್ತು. ಅದು ಹೋಗ್ಲಿ ಅಂತ ಬಂದೆ. ಕಸ ಹೋಗಿ ಅಲ್ಲಿ ಸಂಡಾಸ ಬಂದ್ರ ನನಗೇನು ಸುಖ ಐತಿ? ನಾಳೆ ಮಗಳನ್ನ ನೋಡಾಕ ಬರೋರು ಎದುರಿಗೆ ಏನು ನೋಡಬೇಕು?"

"ಮೊದಲೇ ಹೇಳಬಹುದಿತ್ತಲ್ಲ?"

"ಹೇಳಿದ್ರ ನೀನು ಕಸಕ್ಕ ಕೈ ಹಾಕತಿದ್ದೇನು?" ಎಂದಳು. ಬಾಗಿಲಿಗೆ ಕೈ ಹಚ್ಚಿ ಮತ್ತೆ ಕೇಳಿದಳು, "ನಿನ್ನ ಮನಿ ಬಾಗಿಲಿಗೆ ಎದುರು ಆಗಿದ್ರ ನೀ ಕಟ್ಟಸ್ತಿದ್ದೇನು, ಖರೇ ಹೇಳು?"

ಕಟ್ಟಿಸುತ್ತಿದ್ದೆ ಎಂದೆ. ಹೇಳಾಕ ಚಲೋ ಐತಿ ಎಂದು ಅವಳು ಬಾಗಿಲು ಮುಂದೆ ಮಾಡಿದಳು. ಆ ಪ್ರಶ್ನೆಯನ್ನು ನಾನು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಉತ್ತರ ಅದೇ, ಕಟ್ಟಿಸುತ್ತಿದ್ದೆ. ಬಾಗಿಲ ಎದುರು ಬೇಡವೆಂದು ಅವಳು ಜಗಳವಾಡಿದ್ದರೆ ನಾನು ಜಗಳವಾಡಿ, ಸೋತೋ ಗೆದ್ದೋ, ಮರುದಿನ ಅವಳ ಜೊತೆಗೇ ವಾಕಿಂಗು ಹೋಗುತ್ತಿದ್ದೆ. ಅವಳು ನನ್ನ ಹೆಸರನ್ನು ಕದ್ದು, ಆ ಹೆಸರಿನಿಂದ ಆ ಬಡ ಹೆಂಗಸರ ಕೈಯನ್ನು ಅವರ ವಿರುದ್ಧವೇ ಎತ್ತಿಸಿದಳು. ನನಗೆ ಅರಗದಿರುವುದು ಅದು. ಪಾಲಿಕೆಗೆ ನನ್ನ ಜೊತೆ ಬಾಟಲಿ ಹಿಡಿದು ಬಂದದ್ದೂ ಕೆಲಸ ಎಲ್ಲಿಗೆ ಬಂತು ಎಂದು ನೋಡಿಕೊಳ್ಳಲಿಕ್ಕೇ ಇರಬೇಕು.

ಎಂಜಿನಿಯರರ ಹತ್ತಿರ ಮತ್ತೆ ಹೋದೆ. ಜನರೇ ಬೇಡವೆಂದರಲ್ಲಮ್ಮ, ಕೆಲಸ ಬೇರೆ ವಾರ್ಡಿಗೆ ಹೋಯಿತು ಎಂದರು. ಅವರನ್ನು ದೂರಲು ನನಗೆ ಬಾಯಿರಲಿಲ್ಲ. ಹೆಂಗಸರಿಗೆ ನಮ್ಮ ಮನೆಗೇ ಬನ್ನಿ ಎಂದೆ. ಮೊದಲೆರಡು ವಾರ ಒಬ್ಬಿಬ್ಬರು ಬಂದರು. ಚಪ್ಪಲಿ ಗೇಟಿನಾಚೆ ಬಿಟ್ಟು, ಬಚ್ಚಲಿಗೆ ನಾಲ್ಕು ತಂಬಿಗೆ ಹೆಚ್ಚು ನೀರು ಹುಯ್ದು, ತಪ್ಪು ಮಾಡಿದವರಂತೆ ಹೊರಡುತ್ತಿದ್ದರು. ಆದರೆ ಓಣಿಯ ತುದಿಯ ತನಕ ನಡೆದು ಬರುವಷ್ಟರಲ್ಲಿ ಬುಟ್ಟಿ ಕಾಯುವವರು ಯಾರು, ಗಿರಾಕಿ ಬಂದರೆ ತೂಗುವವರು ಯಾರು? ಬರುವುದು ನಿಂತಿತು. ಗೆಳತಿ ಮಾತ್ರ ಒಂದು ಬೆಳಿಗ್ಗೆ ಏನೂ ಆಗದ ಹಾಗೆ ಗೇಟಿನ ಹತ್ತಿರ ನಿಂತು ವಾಕಿಂಗಿಗೆ ಕೂಗಿದಳು. ನಾನು ಒಳಗೆ ಕೂತು, ಮನೆಯಲ್ಲಿಲ್ಲದವಳಂತೆ ಉಸಿರು ಬಿಗಿಹಿಡಿದೆ.

ಗುಡಿ ಎದ್ದಿತು. ಟೈಲ್ಸು, ಸ್ಟೀಲಿನ ಬಾಗಿಲು, ಮೈಕು, ಎಲ್ಲ ಬಂದವು. ಪ್ರತಿಷ್ಠೆಗೆ ನನಗೂ ಕರೆ ಬಂತು, ಹೋಗಲಿಲ್ಲ. ಔಷಧಿ ಅಂಗಡಿಗೂ ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗುತ್ತಿದ್ದೆ. ಆದರೆ ಕಾಯಿಪಲ್ಲೆ ಬೇಕಲ್ಲ. ಮಳೆ ಮೋಡವಿದ್ದ ಒಂದು ಮಧ್ಯಾಹ್ನ ಆ ರಸ್ತೆಗೆ ಬಂದವಳನ್ನು ಪುಂಡಿಪಲ್ಲೆಯವಳು ದೂರದಿಂದಲೇ ಕಂಡು, ಎದ್ದು ಓಡಿ ಬಂದು ಕೈ ಹಿಡಿದಳು.

"ಎಲ್ಲಿ ಹೋಗಿದ್ರಿ ಇಷ್ಟು ದಿನ? ಬರ್ರಿ ಬರ್ರಿ, ನಿಮ್ಮ ಹೆಸರು ಕಲ್ಲಿನ್ಯಾಗ ಕೊರಸ್ಯಾರ. ಆಟೋದವ ಓದಿ ಹೇಳಿದ. ಎಲ್ಲಾರಕಿಂತ ಮ್ಯಾಲ ನಿಮ್ಮದ ಐತಂತ!"

ಬೇಡವೆಂದರೂ ಎಳೆದುಕೊಂಡು ಹೋದಳು. ಗುಡಿಯ ಗೋಡೆಯಲ್ಲಿ ಕರಿಯ ಗ್ರಾನೈಟಿನ ಫಲಕ. ಈ ಪುಣ್ಯಕಾರ್ಯಕ್ಕೆ ಕಾರಣರಾದವರು ಎಂದು ಬರೆದು, ಅದರ ಕೆಳಗೆ ಬಂಗಾರದ ಬಣ್ಣದಲ್ಲಿ ಮೊದಲ ಹೆಸರು ನನ್ನದು, ನಿವೃತ್ತ ಶಿಕ್ಷಕಿ ಎಂಬುದೂ ಸೇರಿ. ನನ್ನ ಕೆಳಗೆ, ಒಂದಿಷ್ಟು ಸಣ್ಣ ಅಕ್ಷರದಲ್ಲಿ, ಅವಳದು. ಇನ್ನು ಈ ಊರಿನಲ್ಲಿ ಯಾರು ಕೇಳಿದರೂ, ಆ ಹೆಂಗಸರ ಶೌಚಾಲಯದ ಜಾಗದಲ್ಲಿ ಗುಡಿ ಕಟ್ಟಿಸಿದವಳು ನಾನೇ. ಪುಂಡಿಪಲ್ಲೆಯವಳು ಸೆರಗಿನ ತುದಿಯಿಂದ ನನ್ನ ಹೆಸರಿನ ಮೇಲಿನ ಧೂಳು ಒರೆಸಿದಳು.

"ಕಲ್ಲು ಬಾಳ ಗಟ್ಟಿ ಐತಿ. ನಾವು ಸತ್ತ ಮ್ಯಾಲೂ ಇರತೈತ್ರಿ ಇದು," ಎಂದಳು ಸಂತೋಷದಿಂದ.

ಹೂಂ ಎಂದೆ. ಅವಳಿಗೆ ಕುರುಗೋಡಿನ ಬಸ್ಸಿಗೆ ಹೊತ್ತಾಗಿತ್ತು. ಈ ಬಸ್ಸು ತಪ್ಪಿದರೆ ಮನೆ ಮುಟ್ಟುವ ತನಕ ತಡೆದುಕೊಳ್ಳಲು ಆಗುವುದಿಲ್ಲ ಎಂದು, ಬುಟ್ಟಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಬಿರಬಿರನೆ ನಡೆದಳು.